ಆವಶ್ಯಕತಾವಾಚಕ ಪದಗಳೂ ಶರಾವತಿ ಕಣಿವೆಯ ಭೂಸ್ವಾಧೀನವೂ

ಇಂಗ್ಲಿಷಿನ ‘ಮಸ್ಟ್’, ‘ಷಲ್’, ‘ನೀಡ್’ ಎಂಬ ಆವಶ್ಯಕತಾವಾಚಕಗಳನ್ನು ಸಮಾನಾರ್ಥಕಗಳೆಂದು ಎಣಿಸುವುದು ವಾಡಿಕೆ. ಶಾಸನದ ಭಾಷೆಯಲ್ಲಿ ಇವು ಸಮಾನವಲ್ಲವೆಂಬುದಕ್ಕೆ ಮಲೆನಾಡಿನ ಚರಿತ್ರೆಯಿಂದಲೇ ನಿದರ್ಶನವನ್ನು ಕೊಡಬಹುದಾಗಿದೆ.

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಹಾಗೂ ಸಾಗರ ತಾಲ್ಲೂಕುಗಳ ಮೂಲಕ ಹರಿದು ಜೋಗದಲ್ಲಿ ಧುಮುಕುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಜಲಾಶಯದ ಪೂರ್ಣಮಟ್ಟ 1819 ಅಡಿ. ಸಾಗರ, ಹೊಸನಗರಗಳ ಅನೇಕ ಗ್ರಾಮಗಳ ಗದ್ದೆ ತೋಟಗಳು ಅದರಲ್ಲಿ ಮುಳುಗಿದವು. ರಾಜ್ಯಕ್ಕೆ ವಿದ್ಯುತ್ತು ದೊರೆಯಿತು. ರೈತರು ನೆಲೆ ತೊರೆದರು.

ಭಾರತದಲ್ಲಿ ಇಂಥ ಸ್ವಾಧೀನಕ್ಕೆ ಬಹುಕಾಲ ಆಧಾರವಾಗಿದ್ದುದು 1894ರ ಭೂಸ್ವಾಧೀನ ಅಧಿನಿಯಮ. ಸಾರ್ವಜನಿಕ ಉದ್ದೇಶಕ್ಕೆ ಭೂಮಿ ‘ನೀಡೆಡ್’ ಎಂದು ಸರ್ಕಾರ ಘೋಷಿಸುವುದು ಅದರ 6ನೆಯ ಪ್ರಕರಣ. ಆ ಘೋಷಣೆಯೇ ಆವಶ್ಯಕತೆಗೆ ನಿರ್ಣಾಯಕ ಸಾಕ್ಷ್ಯವಾಗತಕ್ಕದ್ದೆಂದು ಅದೇ ಪ್ರಕರಣ ವಿಧಿಸಿತು. ಇಲ್ಲಿ ‘ನೀಡೆಡ್’ ಎಂಬುದು ಪರೀಕ್ಷಿಸಬಹುದಾದ ಸಂಗತಿಯನ್ನು ಹೇಳುವ ಪದ. ‘ಷಲ್’ ಎಂಬುದು ಆ ಪರೀಕ್ಷೆಯ ಬಾಗಿಲನ್ನು ಮುಚ್ಚುವ ಪದ. 1923ರಲ್ಲಿ ಸೇರಿದ 5ಎ ಪ್ರಕರಣವು ಆಕ್ಷೇಪಣೆಗೆ ಅವಕಾಶವಿತ್ತಿತಾದರೂ, ಅಂತಿಮ ನಿರ್ಣಯ ಸರ್ಕಾರದ್ದೇ ಆಗಿತ್ತು.

ಕನ್ನಡದಲ್ಲಿ ‘ಷಲ್’ಗೆ ‘ತಕ್ಕದ್ದು’ ಎಂಬ ರೂಪ ರೂಢಿಯಾಗಿದೆ. ಇದರ ಮೂಲ ‘ತಗು’, ಎಂದರೆ ಯೋಗ್ಯವಾಗು. ಆಜ್ಞೆಯು ಔಚಿತ್ಯದ ಉಡುಪನ್ನು ತೊಟ್ಟಿತೆನ್ನಬಹುದು. ‘ನೀಡೆಡ್’ ಅನ್ನು ‘ಬೇಕಾಗಿದೆ’ ಎಂದರೆ ಬೇರೊಂದು ಲಕ್ಷಣ ಹೊರಬೀಳುತ್ತದೆ. ‘ಬೇಕು’ ಎಂಬುದು ಬಯಕೆಯನ್ನೂ ಆವಶ್ಯಕತೆಯನ್ನೂ ಒಟ್ಟಿಗೆ ಹೇಳುತ್ತದೆ. ಮೇಲಾಗಿ ಚತುರ್ಥೀ ವಿಭಕ್ತಿಯನ್ನು ಅಪೇಕ್ಷಿಸುತ್ತದೆ. ಯಾರಿಗೆ ಬೇಕು ಎಂಬ ಪ್ರಶ್ನೆ ವ್ಯಾಕರಣದಲ್ಲಿಯೇ ಅಡಗಿದೆ. ಇಂಗ್ಲಿಷಿನ ಕರ್ಮಣಿಪ್ರಯೋಗ ಮರೆಸಿದುದನ್ನು ನಮ್ಮ ನುಡಿ ಹೀಗೆ ಕೇಳುತ್ತದೆ.

2014ರ ಜನವರಿ 1ರಂದು ಜಾರಿಗೆ ಬಂದ 2013ರ ಅಧಿನಿಯಮವು ಹಳೆಯದನ್ನು ರದ್ದುಗೊಳಿಸಿತು. ಕೋರಿದ ಭೂಮಿಯು ಯೋಜನೆಗೆ ಅತ್ಯಂತ ಕನಿಷ್ಠ ಪ್ರಮಾಣದ್ದೇ ಎಂಬುದನ್ನು ಸಾಮಾಜಿಕ ಪರಿಣಾಮದ ಅಧ್ಯಯನದಲ್ಲಿ ಪರಿಶೀಲಿಸಲು ಅದು ವಿಧಿಸುತ್ತದೆ. ‘ನೀಡೆಡ್’ ಎಂಬ ಮಾತು ಘೋಷಣೆಯಿಂದ ಮತ್ತೆ ವಿಚಾರಣೆಗೆ ಮರಳಿದೆ.

ಆದುದರಿಂದ ಅನುವಾದಕರೂ ಅಧ್ಯಾಪಕರೂ ಸಂಗತಿಗೆ ‘ಅವಶ್ಯ’, ವಿಧಿಗೆ ‘ತಕ್ಕದ್ದು’, ಪರ್ಯಾಯವಿಲ್ಲದೆಡೆ ಮಾತ್ರ ‘ಅನಿವಾರ್ಯ’ ಎಂಬ ಭೇದವನ್ನು ಪಾಲಿಸುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಅವಶ್ಯವಾದುದನ್ನೆಲ್ಲ ಅನಿವಾರ್ಯವೆಂದು ಬರೆದಲ್ಲಿ, ನೆಲ ಕಳೆದುಕೊಂಡವನ ಪ್ರಶ್ನೆಗೆ ಸ್ಥಳವೇ ಉಳಿಯದು.