ಎರಡು ಹನಿ ಮತ್ತು ಬೆಟ್ಟದ ಮೇಲಿನ ನಮ್ಮೂರು

ಹೋದ ಸಲ ಮೇಲುಕೋಟೆಗೆ ಹೋದಾಗ ಅಕ್ಕನ ಮಗಳ ಜೊತೆ ಕಲ್ಯಾಣಿ ಕಡೆ ನಡೆದುಕೊಂಡು ಹೋಗ್ತಿದ್ದೆ. ದಾರಿಯಲ್ಲಿ ಒಂದು ಹಳೇ ಗೋಡೆ, ಅದರ ಮೇಲೆ ಬಣ್ಣ ಮಾಸಿದ ಅಕ್ಷರ. ಅರ್ಧ ಸುಣ್ಣದ ಅಡಿ ಮುಚ್ಚಿಹೋಗಿದೆ. ಉಳಿದದ್ದು 'ಎರಡು ಹನಿ' ಅನ್ನೋ ಎರಡು ಪದ ಮಾತ್ರ. ಹನ್ನೆರಡು ವರ್ಷದ ಹುಡುಗಿ ಅದನ್ನ ಓದಿ, "ಏನು ಎರಡು ಹನಿ ಮಾಮ?" ಅಂದಳು. ಪೋಲಿಯೊ ಅಂದೆ. "ಹಾಗಂದ್ರೆ?" ಅಂದಳು.

ತಕ್ಷಣಕ್ಕೆ ಉತ್ತರ ಹೊಳೀಲಿಲ್ಲ. ನಮ್ಮ ಕಾಲದಲ್ಲಿ ಈ ಪ್ರಶ್ನೆ ಯಾರೂ ಕೇಳ್ತಿರಲಿಲ್ಲ. ಪ್ರತಿ ಬೀದಿಯಲ್ಲೂ ಒಬ್ಬರಾದರೂ ಕಾಲೆಳೆದು ನಡೆಯೋರು ಇದ್ದರು, ಪ್ರತಿ ತರಗತಿಯಲ್ಲೂ ಕಬ್ಬಿಣದ ಪಟ್ಟಿಯ ಬೂಟು ಹಾಕಿದ ಒಬ್ಬ ಹುಡುಗ ಇದ್ದ. ನೋಡಿದರೆ ಗೊತ್ತಾಗ್ತಿತ್ತು, ಕೇಳೋ ಅಗತ್ಯ ಇರಲಿಲ್ಲ. ಇವಳಿಗೆ ನೋಡೋಕೆ ಏನೂ ಉಳಿದಿಲ್ಲ. ಒಳ್ಳೇದೇ. ಆದರೆ ಅದು ತಾನಾಗಿ ಹೋಗಿದ್ದಲ್ಲವಲ್ಲ, ಅದನ್ನ ಓಡಿಸಿದ ಕಥೇನೂ ಅದರ ಜೊತೇಲೇ ಹೋಗಿಬಿಡ್ತಿದೆಯಲ್ಲ ಅನ್ನಿಸ್ತು. ಅದಕ್ಕೇ ಈ ಬರಹ.

ನಮ್ಮ ಮನೆಯಲ್ಲಿ ಪೋಲಿಯೊ ಅಂದರೆ ಚಿಕ್ಕಪ್ಪ. ಹುಟ್ಟಿದ್ದು ೧೯೬೨ರಲ್ಲಿ. ಎರಡನೇ ವರ್ಷದಲ್ಲಿ ಜ್ವರ ಬಂತಂತೆ, ಮೂರು ದಿನಕ್ಕೆ ಬಿಟ್ಟಿತಂತೆ, ಜ್ವರದ ಜೊತೆ ಎಡಗಾಲೂ ಹೋಯ್ತಂತೆ. ಅಜ್ಜಿ ಯೋಗಾನರಸಿಂಹನಿಗೆ ಹರಕೆ ಹೊತ್ತಳು, ಮಗನನ್ನ ಬೆಟ್ಟ ಹತ್ತಿಸ್ತೀನಿ ಅಂತ. ಮೇಲುಕೋಟೆಯಲ್ಲೇ ಹುಟ್ಟಿ ಬೆಳೆದ ಚಿಕ್ಕಪ್ಪ ಆ ನೂರಾರು ಮೆಟ್ಟಿಲನ್ನ ತನ್ನ ಕಾಲಲ್ಲಿ ಹತ್ತಲೇ ಇಲ್ಲ. ಚಿಕ್ಕವನಿದ್ದಾಗ ತಾತನ ಹೆಗಲ ಮೇಲೆ ಹತ್ತಿದ್ದೆಷ್ಟೋ ಅಷ್ಟೇ.

ಬೇಸರದ ಸಂಗತಿ ಅಂದರೆ ಆ ಹೊತ್ತಿಗೆ ಲಸಿಕೆ ಇತ್ತು. ಸಾಲ್ಕ್ ಅವರ ಚುಚ್ಚುಮದ್ದು ೧೯೫೫ರಲ್ಲೇ ಬಂದಿತ್ತು. ಚಿಕ್ಕಪ್ಪ ಹುಟ್ಟಿದ ಕಾಲಕ್ಕೆ ಅಮೆರಿಕದಲ್ಲಿ ಸೇಬಿನ್ ಅವರ ಬಾಯಿಗೆ ಹಾಕೋ ಹನಿಯೂ ಬಂದಾಗಿತ್ತು. ನಮ್ಮ ದೇಶದ ಲಸಿಕೆ ಕಾರ್ಯಕ್ರಮಕ್ಕೆ ಆ ಹನಿ ಸೇರಿದ್ದು ೧೯೭೯ರ ಸುಮಾರಿಗೆ. ಮದ್ದು ಇದ್ದದ್ದು ನಿಜ, ನಮ್ಮ ಬೆಟ್ಟ ಹತ್ತಿರಲಿಲ್ಲ ಅಷ್ಟೇ.

ಇದನ್ನ ಪ್ರಪಂಚದಿಂದಲೇ ಓಡಿಸಬಹುದು ಅಂತ ಹಟಕ್ಕೆ ಬಿದ್ದವರಲ್ಲಿ ಡಾಕ್ಟರುಗಳ ಜೊತೆ ಒಂದು ಸೇವಾ ಕ್ಲಬ್ಬೂ ಇತ್ತು ಅನ್ನೋದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ರೋಟರಿ ಶುರುವಾದದ್ದು ೧೯೦೫ರ ಫೆಬ್ರವರಿ ೨೩ರಂದು, ಶಿಕಾಗೋದಲ್ಲಿ, ಪಾಲ್ ಹ್ಯಾರಿಸ್ ಅನ್ನೋ ವಕೀಲರಿಂದ. (ಅದೇ ವರ್ಷ ಮಾರ್ಚ್ ೧೭ಕ್ಕೆ ನಮ್ಮೂರಲ್ಲಿ ಪು.ತಿ.ನ. ಹುಟ್ಟಿದರು. ಒಂದಕ್ಕೊಂದು ಸಂಬಂಧ ಇಲ್ಲ, ಆದರೂ ಮೇಲುಕೋಟೆಯವನಾಗಿ ಹೇಳದೆ ಇರೋಕಾಗಲ್ಲ :-)) ಭಾರತಕ್ಕೆ ಬಂದದ್ದು ಕಲ್ಕತ್ತೆಯ ಮೂಲಕ, ೧೯೧೯-೨೦ರ ಹೊತ್ತಿಗೆ. ಬೆಂಗಳೂರಿಗೆ ೧೯೩೪ರಲ್ಲಿ. ೧೯೭೯ರಲ್ಲಿ ಫಿಲಿಪೈನ್ಸಿನಲ್ಲಿ ಅರವತ್ತು ಲಕ್ಷ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸೋ ಕೆಲಸ ಕೈಗೆತ್ತಿಕೊಂಡರು. ಅದರ ಧೈರ್ಯದ ಮೇಲೆ ೧೯೮೫ರಲ್ಲಿ 'ಪೋಲಿಯೊ ಪ್ಲಸ್' ಶುರುಮಾಡಿದರು. ಹನ್ನೆರಡು ಕೋಟಿ ಡಾಲರ್ ಸೇರಿಸಬೇಕು ಅಂತ ಹೊರಟವರಿಗೆ ೧೯೮೮ರ ವೇಳೆಗೆ ಸೇರಿದ್ದು ೨೪.೭ ಕೋಟಿ. ಅದೇ ವರ್ಷ ವಿಶ್ವ ಆರೋಗ್ಯ ಸಭೆ ಪೋಲಿಯೊ ನಿರ್ಮೂಲನೆಯ ನಿರ್ಣಯ ತೆಗೆದುಕೊಂಡಿತು. ಆಗ ೧೨೫ ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಈ ರೋಗಕ್ಕೆ ಬೀಳ್ತಿದ್ದರು.

ನಮಗೆ ಹತ್ತಿರದ ಇನ್ನೊಂದು ಊರಿನ ಹೆಸರನ್ನೂ ಹೇಳಬೇಕು. ವೇಲೂರಿನ ಡಾಕ್ಟರ್ ಟಿ. ಜೇಕಬ್ ಜಾನ್ ಅವರು, ಅಲ್ಲಿನ ರೋಟರಿಯವರ ನೆರವಿನಿಂದ, ೧೯೮೦ರ ದಶಕದಲ್ಲೇ ತಮ್ಮ ಪಟ್ಟಣದಲ್ಲಿ ಈ 'ಪಲ್ಸ್' ವಿಧಾನವನ್ನ ಮಾಡಿ ತೋರಿಸಿದ್ದರು. ತತ್ವ ಸರಳ. ಈ ವೈರಸ್ ಬದುಕೋದು ಮಕ್ಕಳ ಕರುಳಲ್ಲಿ, ಹರಡೋದು ಮಲದಿಂದ, ಕೊಳಕು ನೀರಿನಿಂದ. ಸೋಂಕು ತಗುಲಿದ ಸುಮಾರು ಇನ್ನೂರು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಲಕ್ವ ಹೊಡೆಯುತ್ತೆ. ಉಳಿದವು ಆಡಿಕೊಂಡೇ ಇರುತ್ತವೆ, ಆದರೆ ಬೇರೆಯವರಿಗೆ ದಾಟಿಸ್ತಾ ಇರುತ್ತವೆ. ಹಾಗಾಗಿ ಕಾಯಿಲೆ ಕಂಡ ಮನೆಗೆ ಹೋಗಿ ಮದ್ದು ಕೊಟ್ಟರೆ ಪ್ರಯೋಜನ ಇಲ್ಲ. ಎಲ್ಲ ಮಕ್ಕಳಿಗೂ ಒಟ್ಟಿಗೇ ಹಾಕಬೇಕು. ವೈರಸ್ಸಿಗೆ ಹೋಗಿ ಕೂರೋಕೆ ಒಂದು ಮನೆಯೂ ಸಿಗಬಾರದು.

'ಒಂದು ಮನೆಯೂ' ಅನ್ನೋ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ದೆಹಲಿಯಲ್ಲಿ ೧೯೯೪ರ ಗಾಂಧಿ ಜಯಂತಿಯಂದು ಮೊದಲು ಮಾಡಿದರು. ಆಗ ಅಲ್ಲಿನ ಆರೋಗ್ಯ ಮಂತ್ರಿ ಡಾ. ಹರ್ಷವರ್ಧನ್. ಇಡೀ ದೇಶಕ್ಕೆ ಬಂದದ್ದು ೧೯೯೫ರ ಡಿಸೆಂಬರ್ ೯, ಶನಿವಾರ. ಎರಡನೇ ಸುತ್ತು ೧೯೯೬ರ ಜನವರಿ ೨೦. ಆ ವರ್ಷ ಮೂರು ವರ್ಷದೊಳಗಿನವರಿಗೆ ಮಾತ್ರ, ಮರುವರ್ಷದಿಂದ ಐದು ವರ್ಷದವರೆಗೆ. ಮೊದಲ ದಿನವೇ ದೇಶದಲ್ಲಿ ಎಂಟು ಕೋಟಿಗೂ ಹೆಚ್ಚು ಮಕ್ಕಳ ಬಾಯಿಗೆ ಹನಿ ಬಿತ್ತು.

ನಾನಾಗ ಪಿಯುಸಿ. ಎನ್ನೆಸ್ಸೆಸ್ ಹುಡುಗರು ಬೂತಿಗೆ ಬರಬೇಕು ಅಂದರು, ಹೋದೆ. ಪಾಠ ತಪ್ಪುತ್ತಲ್ಲ ಅನ್ನೋ ಖುಷಿಗೆ, ಸುಳ್ಳು ಹೇಳಲ್ಲ. ಬೆಳಗಿನ ಚಳಿ, ಶಾಲೆಯ ಜಗಲಿ, ಒಂದು ಮೇಜು, ನೀಲಿ ಡಬ್ಬ, ಒಳಗೆ ಐಸು, ಐಸಿನ ನಡುವೆ ಸೀಸೆಗಳು. ಡಬ್ಬದ ಮುಚ್ಚಳ ಸುಮ್ಮಸುಮ್ಮನೆ ತೆಗೆಯೋ ಹಾಗಿಲ್ಲ, ಬಿಸಿಲಿಗೆ ಇಡೋ ಹಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ, "ಇದೊಳ್ಳೆ ವೈರಮುಡಿ ಆಯ್ತಲ್ಲೋ" ಅಂದ. ನಮ್ಮೂರಿನ ವೈರಮುಡಿ ಗೊತ್ತಲ್ಲ, ಮಂಡ್ಯದ ಖಜಾನೆಯಿಂದ ಪೊಲೀಸು ಕಾವಲಲ್ಲಿ ಪೆಟ್ಟಿಗೆಯಲ್ಲಿ ಬರುತ್ತೆ. ಹಗಲ ಬೆಳಕು ಸೋಕಬಾರದು ಅಂತ ನಂಬಿಕೆ, ಹಾಗಾಗಿ ಚೆಲುವನಾರಾಯಣನಿಗೆ ರಾತ್ರಿಯೇ ಧಾರಣೆ. ಈ ಡಬ್ಬವೂ ಕೆಳಗಿನಿಂದ ಜೋಪಾನವಾಗಿ ಬೆಟ್ಟ ಹತ್ತಿ ಬಂದಿತ್ತು, ಇದಕ್ಕೂ ಬಿಸಿಲು ಸೋಕಬಾರದು. ನರ್ಸಮ್ಮನೂ ನಕ್ಕರು.

ಚಿಕ್ಕಪ್ಪನನ್ನ ಯಾರೂ ಕರೆದಿರಲಿಲ್ಲ, ತಾನೇ ಬಂದು ಕೂತಿದ್ದ. ಕ್ಯಾಲಿಪರ್ ಹಾಕಿದ ಕಾಲನ್ನ ಮುಂದಕ್ಕೆ ಚಾಚಿಕೊಂಡು, ಒಂದು ಮಾತೂ ಆಡದೆ. ಅನುಮಾನದಿಂದ ಬಂದ ತಾಯಂದಿರು ಆ ಕಾಲನ್ನೊಮ್ಮೆ ನೋಡಿ ಮಗುವಿನ ಬಾಯಿ ತೆರೆಸ್ತಿದ್ದರು. ಯಾವ ಭಾಷಣವೂ ಬೇಕಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಪಟ್ಟಣದ ಸೇವಾ ಕ್ಲಬ್ಬಿನವರು ವ್ಯಾನಿನಲ್ಲಿ ಬಂದರು. ಬ್ಯಾನರು, ಟೋಪಿ, ಬಿಸ್ಕತ್ತು, ಕ್ಯಾಮೆರಾ. ನಾವು ಹುಡುಗರು ಹಿಂದೆ ನಿಂತು "ಎರಡು ಹನಿಗೆ ಇಪ್ಪತ್ತು ಫೋಟೋ" ಅಂತ ಆಡಿಕೊಂಡ್ವಿ. ಫೋಟೋ ತೆಗೆಸಿಕೊಂಡು ಬಹಳ ಜನ ಹೊರಟರು. ಒಬ್ಬರು ಮಾತ್ರ ಉಳಿದರು. ದಿನಸಿ ಅಂಗಡಿಯವರು, ಐವತ್ತರ ಹತ್ತಿರದ ವಯಸ್ಸು. ಹೆಸರು ಬೇಡ, ಅವರಿಗೂ ಅದು ಇಷ್ಟ ಆಗ್ತಿರಲಿಲ್ಲ. ಸಂಜೆ ತನಕ ಕೂತು ರಿಜಿಸ್ಟರ್ ಬರೆದರು. ಜನವರಿಯಲ್ಲಿ ಮತ್ತೆ ಬಂದರು. ಮರುವರ್ಷವೂ ಬಂದರು. ಬ್ಯಾನರು ಬರೋದು ನಿಂತ ಮೇಲೂ ಬಂದರು.

೧೯೯೯ರಿಂದ ಕೆಲಸ ಬದಲಾಯ್ತು. ಬೂತಿಗೆ ಬಂದವರಿಗಷ್ಟೇ ಹಾಕಿದರೆ ಸಾಲದು, ಮನೆಮನೆಗೂ ಹೋಗಬೇಕು ಅಂತಾಯ್ತು. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ, ಮನೆಗೋಡೆಗೆ ಸೀಮೆಸುಣ್ಣದಲ್ಲಿ ಗುರುತು. ಎಲ್ಲ ಮಕ್ಕಳಿಗೂ ಆಗಿದ್ದರೆ 'ಪಿ', ಯಾರಾದರೂ ಬಿಟ್ಟಿದ್ದರೆ 'ಎಕ್ಸ್'. 'ಎಕ್ಸ್' ಮನೆಗೆ ಮತ್ತೆ ಹೋಗಬೇಕು.

ಆಗ ನನಗೆ ಗೊತ್ತಾದದ್ದು, ನನ್ನ ಊರನ್ನ ನಾನು ನೋಡೇ ಇಲ್ಲ ಅಂತ. ದೇವಸ್ಥಾನದ ಸುತ್ತಿನ ಬೀದಿಗಳು ಕಣ್ಣು ಮುಚ್ಚಿಕೊಂಡು ಗೊತ್ತು. ಊರಂಚಿನ ಕೇರಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ರಾಮಾನುಜರು ಅಸ್ಪೃಶ್ಯರನ್ನ ತಿರುಕುಲತ್ತಾರ್ ಅಂತ ಕರೆದು ಗುಡಿಯೊಳಗೆ ಬಿಟ್ಟರು ಅಂತ ಹೆಮ್ಮೆಯಿಂದ ಹೇಳಿಕೊಳ್ಳೋ ಊರು ನಮ್ಮದು. ಹೇಳಿಕೊಳ್ಳೋದಕ್ಕೆ ಆ ಬೀದಿಗೆ ಹೋಗಬೇಕಾಗಿಲ್ಲವಲ್ಲ!

ಮೊದಲ ಮನೆಯಲ್ಲೇ ಒಬ್ಬ ಅಜ್ಜಿ ತಡೆದಳು. "ಜ್ವರ ಅಂತ ಹೋದ್ರೆ ಮಾತ್ರೆ ಇಲ್ಲ ಅಂತೀರಿ, ನಲ್ಲೀಲಿ ನೀರಿಲ್ಲ ಅಂದ್ರೆ ಯಾರೂ ಬರಲ್ಲ. ಕೇಳದೇ ಇದ್ದ ಔಷ್ದಿ ಮಾತ್ರ ಬಾಗ್ಲಿಗೆ ಬತ್ತದೆ, ಯಾಕೆ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ದೇಶದ ಬೇರೆ ಬೇರೆ ಕಡೆಯೂ ಜನ ಇದೇ ಪ್ರಶ್ನೆ ಕೇಳಿದ್ದರು ಅಂತ ಆಮೇಲೆ ಓದಿ ತಿಳಿದೆ. ಅಂಗಡಿಯವರು ವಾದ ಮಾಡಲಿಲ್ಲ. "ನೀನು ಹೇಳೋದು ಸರಿ ತಾಯಿ" ಅಂತ ಜಗಲಿ ಮೇಲೆ ಕೂತುಬಿಟ್ಟರು. ಕುಡಿಯೋಕೆ ನೀರು ಕೇಳಿದರು. ಅಜ್ಜಿ ಒಂದು ಕ್ಷಣ ಅವರ ಮುಖ ನೋಡಿ ಚೊಂಬಲ್ಲಿ ನೀರು ತಂದಳು, ಅವರು ಕುಡಿದು ಚೊಂಬನ್ನ ನನ್ನ ಕೈಗೆ ಕೊಟ್ಟರು.

ನಾನು ಹಿಂಜರಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಆದರೆ ಅಜ್ಜಿ ನೋಡಿದಳು ಅನ್ನೋದು ಗೊತ್ತು. ಆಮೇಲೆ ಕುಡಿದೆ. ಇಷ್ಟು ವರ್ಷ ಆದರೂ ಆ ಹಿಂಜರಿಕೆ ನೆನಪಾದಾಗ ನಾಚಿಕೆಯಾಗುತ್ತೆ. ಮಗುವಿಗೆ ಹನಿ ಬಿತ್ತು, ಗೋಡೆಗೆ 'ಪಿ' ಬಿತ್ತು.

ವಾಪಸ್ ಬರೋವಾಗ ಅವರು ಹೇಳಿದ್ದಿಷ್ಟೇ: "ವೈರಸ್ಸಿಗೆ ಕೇರಿ ಯಾವ್ದು ಅಗ್ರಹಾರ ಯಾವ್ದು ಗೊತ್ತಿಲ್ಲ ಕಣಪ್ಪ. ಒಂದು ಮನೆ ಬಿಟ್ರೆ ಎಲ್ಲಾ ಮನೆ ಬಿಟ್ಟಂಗೆ."

ಬಿಟ್ಟರೆ ಏನಾಗುತ್ತೆ ಅಂತ ೨೦೦೩ರಲ್ಲಿ ಗೊತ್ತಾಯ್ತು. ಕರ್ನಾಟಕದಲ್ಲಿ ಪೋಲಿಯೊ ಮುಗೀತು ಅಂದುಕೊಳ್ಳೋ ಹೊತ್ತಿಗೆ ಉತ್ತರದಿಂದ ವೈರಸ್ ಮತ್ತೆ ಬಂತು. ಆ ಒಂದೇ ವರ್ಷ ನಮ್ಮ ರಾಜ್ಯದಲ್ಲಿ ೩೬ ಪ್ರಕರಣ, ದೇಶದಲ್ಲಿ ೨೨೫. ಮತ್ತೆ ಸುತ್ತಿನ ಮೇಲೆ ಸುತ್ತು. ನಾನಾಗ ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ಊರಿಗೆ ಫೋನು ಮಾಡಿದರೆ ಚಿಕ್ಕಪ್ಪ, "ಅಂಗಡಿಯವರು ಬಂದಿದಾರೆ, ಮೊಣಕಾಲು ನೋವಂತೆ, ಆದ್ರೂ ಬಂದಿದಾರೆ" ಅಂದ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಪೋಲಿಯೊ ಓಡಿಸಿದ್ದು ಕ್ಲಬ್ಬುಗಳು ಅಂತ ನಾನು ಹೇಳ್ತಿಲ್ಲ. ದೇಶವ್ಯಾಪಿ ಸುತ್ತಿನಲ್ಲಿ ಸುಮಾರು ೧೭ ಕೋಟಿ ಮಕ್ಕಳಿಗೆ ಹನಿ ಹಾಕಿದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೈಗಳಲ್ಲಿ ಬಹುಪಾಲು ಆರೋಗ್ಯ ಸಹಾಯಕಿಯರದ್ದು, ಅಂಗನವಾಡಿ ಅಮ್ಮಂದಿರದ್ದು, ಆಮೇಲೆ ಬಂದ ಆಶಾ ಕಾರ್ಯಕರ್ತೆಯರದ್ದು. ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾದದ್ದೇ ನಮ್ಮ ನೆರೆಯ ತಿ.ನರಸೀಪುರದಲ್ಲಿ, ೧೯೭೫ರಲ್ಲಿ. ಊರಿನ ಯಾವ ಮನೆಯಲ್ಲಿ ಯಾವ ತಿಂಗಳು ಮಗು ಹುಟ್ಟಿತು ಅನ್ನೋದು ಅವರಿಗೆ ಬಾಯಿಪಾಠ. ಅವರಿಗೆ ಸಿಗ್ತಿದ್ದದ್ದು ಪುಡಿಗಾಸು, ಹೆಸರು ಬ್ಯಾನರಿನಲ್ಲಿ ಇರ್ತಿರಲಿಲ್ಲ.

ಹಾಗಾದರೆ ಕ್ಲಬ್ಬು ಮಾಡಿದ್ದೇನು? ದುಡ್ಡು ತಂದಿತು, ಸರ್ಕಾರಗಳು ಕೈಬಿಡದ ಹಾಗೆ ಬೆನ್ನು ಹತ್ತಿತು, ಉತ್ತರ ಪ್ರದೇಶದಲ್ಲಿ ಉಲೇಮಾಗಳ ಸಮಿತಿ ಮಾಡಿ ಅಪನಂಬಿಕೆ ಕಳೆಯೋಕೆ ಹೆಣಗಿತು. ಇಂಟರಾಕ್ಟ್ (೧೯೬೨), ರೋಟರಾಕ್ಟ್ (೧೯೬೮) ಅಂತ ಹುಡುಗರ ಸಂಘಗಳನ್ನೂ ಕಟ್ಟಿತು. ನಮ್ಮೂರಲ್ಲೂ ಬೂತಿಗೆ ಬಂದ ಹುಡುಗರೇ ಮುಂದೆ ಕಲ್ಯಾಣಿ ಸುತ್ತ ಕಸ ತೆಗೆದರು, ರಕ್ತದಾನ ಮಾಡಿದರು. ಫೋಟೋಗೆ ಬಂದವರು ಇದ್ದರು, ನಿಜ. ಆದರೆ ಫೋಟೋ ಮುಗಿದ ಮೇಲೂ ಉಳಿಯೋ ಒಬ್ಬರು ಊರೂರಲ್ಲೂ ಇದ್ದರೇನೋ. ಅಂಥವರನ್ನ ಹಿಡಿದಿಡೋಕೆ ಒಂದು ಸಂಘ ಬೇಕು. ಇದು ನನಗೆ ತಡವಾಗಿ ಅರ್ಥ ಆಯ್ತು.

ದೇಶದ ಕಟ್ಟಕಡೆಯ ಕಾಡು ಪೋಲಿಯೊ ಪ್ರಕರಣ ೨೦೧೧ರ ಜನವರಿ ೧೩ರಂದು, ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. ಅದಕ್ಕೆ ಎರಡೇ ವರ್ಷ ಮೊದಲು, ೨೦೦೯ರಲ್ಲಿ, ೭೪೧ ಪ್ರಕರಣ ಇದ್ದ ದೇಶ ನಮ್ಮದು. ೨೦೧೪ರ ಮಾರ್ಚ್ ೨೭ಕ್ಕೆ ನಮ್ಮ ಇಡೀ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತ ಅಂತ ಘೋಷಣೆಯಾಯ್ತು. ಅವತ್ತು ಚಿಕ್ಕಪ್ಪನಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ನಾನೇ ಕಡೇ ತಲೆಮಾರು ಅನ್ನು" ಅಂದ. ಖುಷಿಯೋ ದುಃಖವೋ ಗೊತ್ತಾಗಲಿಲ್ಲ. ಎರಡೂ ಇರಬಹುದು.

ಕಥೆ ಪೂರ್ತಿ ಮುಗಿದಿಲ್ಲ. ಪಾಕಿಸ್ತಾನ, ಅಫಘಾನಿಸ್ತಾನಗಳಲ್ಲಿ ಕಾಡು ವೈರಸ್ ಇನ್ನೂ ಹೋಗಿಲ್ಲ. ಹನಿಯಲ್ಲಿರೋ ದುರ್ಬಲ ವೈರಸ್ಸೇ ಅಪರೂಪಕ್ಕೆ ಮತ್ತೆ ಬಲಿತು ಲಕ್ವ ತರೋದೂ ಉಂಟು. ೨೦೨೪ರಲ್ಲಿ ಮೇಘಾಲಯದಲ್ಲಿ ಲಸಿಕೆಯ ವೈರಸ್ಸಿನಿಂದಲೇ ಒಂದು ಮಗುವಿಗೆ ಹೀಗಾಯ್ತು. ಆ ಕಾರಣಕ್ಕೇ ೨೦೧೫ರ ಕೊನೆಯಿಂದ ಹನಿಯ ಜೊತೆ ಚುಚ್ಚುಮದ್ದೂ ಸೇರಿದೆ. ಮಕ್ಕಳಿರೋರು ಎರಡನ್ನೂ ತಪ್ಪಿಸಬೇಡಿ.

ಅವತ್ತು ಅಕ್ಕನ ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಚಿಕ್ಕಪ್ಪನ ಹತ್ತಿರ ಕರಕೊಂಡು ಹೋಗಿ, "ಇವಳು ಪೋಲಿಯೊ ಅಂದ್ರೇನು ಅಂತ ಕೇಳ್ತಿದಾಳೆ" ಅಂದೆ. ಚಿಕ್ಕಪ್ಪ ಪಂಚೆ ಸ್ವಲ್ಪ ಮೇಲೆತ್ತಿ ಕಾಲು ತೋರಿಸಿದ. ಆಮೇಲೆ ಅವಳ ಎಡಗೈ ಹಿಡಿದು ಕಿರುಬೆರಳು ಮುಟ್ಟಿ, "ನಿಂಗೆ ಇಲ್ಲಿ ಶಾಯಿ ಹಾಕಿಸಿದ್ದೆ, ನೆನಪಿಲ್ವಾ?" ಅಂದ. ಅವಳಿಗೆ ನೆನಪಿಲ್ಲ. ಶಾಯಿಯೂ ಯಾವತ್ತೋ ಅಳಿಸಿಹೋಗಿದೆ. ಅವಳು ಮಾತ್ರ ಮರುದಿನ ಬೆಳಿಗ್ಗೆ ಯೋಗಾನರಸಿಂಹನ ಮೆಟ್ಟಿಲನ್ನ ಓಡಿಕೊಂಡೇ ಹತ್ತಿದಳು. ನಾನು ಏದುಸಿರು ಬಿಡ್ತಾ ಹಿಂದೆ.

ನಿಮ್ಮೂರಿನ ಬೂತಲ್ಲಿ ಕೂತಿದ್ದವರು ಯಾರು? ನೆನಪಿದ್ದರೆ ಹೇಳಿ. ಗೋಡೆಗೆ ಮತ್ತೆ ಸುಣ್ಣ ಬೀಳೋ ಮೊದಲು.