ಪರದೇಶಿಯ ಕಾಗದಗಳು

‘ಪರದೇಶಿ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಹೊರನಾಡಿನಿಂದ ಬಂದವನು ಎಂಬುದೊಂದು. ದಿಕ್ಕುದೆಸೆಯಿಲ್ಲದವನು ಎಂಬುದು ಇನ್ನೊಂದು. ಮೈಸೂರು ಸೀಮೆಯವನಾದ ನಾನು ಉಪನ್ಯಾಸಕನ ಕೆಲಸಕ್ಕೆಂದು ಮೊದಲ ಸಲ ಮಂಗಳೂರಿನಲ್ಲಿ ಬಸ್ಸಿನಿಂದಿಳಿದಾಗ ಎರಡು ಅರ್ಥಗಳೂ ನನಗೆ ಒಪ್ಪುತ್ತಿದ್ದುವು. ಸುತ್ತಲೂ ತುಳು, ಕೊಂಕಣಿ, ಬ್ಯಾರಿ ಮಾತು. ತಟ್ಟೆಯಲ್ಲಿ ಕುಚ್ಚಲಕ್ಕಿಯ ಅನ್ನ. ಹಿಡಿದರೆ ಬಿಡದ ಮಳೆ. ಊರಿನಿಂದ ತಾಯಿ ಕಳುಹಿಸುತ್ತಿದ್ದ ಹುರಿಹಿಟ್ಟಿನ ಡಬ್ಬಿಯೇ ಆಗ ನನ್ನ ಸಮಾಧಾನ. ಕನ್ನಡನಾಡಿನೊಳಗೇ ನನ್ನ ಪಾಡು ಹೀಗಾದರೆ ಕಡಲಾಚೆಯಿಂದ ಬಂದವನ ಪಾಡೇನು? ಇದಕ್ಕೆ ಉತ್ತರ ಹೇಳಬಲ್ಲವನೊಬ್ಬನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಸಂಸಾರ ಹೂಡಿದ್ದನೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಆತನ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟೂರು ಈಗಿನ ಟುನೀಸಿಯದ ಕರಾವಳಿಯಲ್ಲಿರುವ ಮಹ್ದಿಯ. ಮತದಿಂದ ಯೆಹೂದಿ, ಬರೆಯುತ್ತಿದ್ದ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಆಳುಪರು ತುಳುನಾಡನ್ನು ಆಳುತ್ತಿದ್ದ ಕಾಲದಲ್ಲಿ ಏಡನ್ ಬಂದರಿನಿಂದ ಹಡಗು ಹತ್ತಿ ಬಂದ ಈತ ೧೧೩೨ರ ಹೊತ್ತಿಗಾಗಲೇ ಮಂಗಳೂರಿನಲ್ಲಿದ್ದ. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುವುದು ಅವನ ವ್ಯಾಪಾರ. ಅಲ್ಲಿಂದ ಬಂದ ಒಡಕು ತಾಮ್ರ, ಕಂಚಿನ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುವ ಕಾರ್ಖಾನೆಯನ್ನೂ ನಡೆಸಿದ.

ಇಷ್ಟೆಲ್ಲ ನಮಗೆ ತಿಳಿದದ್ದು ಹೇಗೆ? ದೇವರ ನಾಮವಿರಬಹುದಾದ ಬರಹವನ್ನು ನಾಶಮಾಡಬಾರದೆಂಬುದು ಯೆಹೂದಿಗಳ ಕಟ್ಟಳೆ. ಹಳೆಯ ಕೈರೋದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಹೀಗೆ ಶತಮಾನಗಳ ಕಾಗದ ರಾಶಿಬಿದ್ದಿತ್ತು. ಅದರ ಬಹುಭಾಗವನ್ನು ೧೮೯೬-೯೭ರಲ್ಲಿ ಸಾಲೊಮನ್ ಶೆಕ್ಟರ್ ಕೇಂಬ್ರಿಡ್ಜಿಗೆ ಸಾಗಿಸಿದರು. ಎಸ್. ಡಿ. ಗೋಯ್ಟೀನ್ ಅವರು ಅದರೊಳಗಿನ ಭಾರತ ವ್ಯಾಪಾರದ ಪತ್ರಗಳನ್ನು ಆರಿಸಿ ಓದಿದರು. ಅಮಿತಾವ ಘೋಷ್ ಅವರ ೧೯೯೨ರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಗ್ರಂಥದಿಂದ ಈ ಕಥೆ ನಮ್ಮಂಥವರಿಗೂ ಪರಿಚಯವಾಯಿತು.

ಆ ಪತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಮೆಣಸಿನ ಲೆಕ್ಕವಲ್ಲ, ಗಂಟುಮೂಟೆಯ ಪಟ್ಟಿ. ಏಡನ್ನಿನ ಮದ್ಮೂನ್, ಖಲಫ್ ಮುಂತಾದ ಗೆಳೆಯರು ಸರಕಿನೊಡನೆ ಈತನ ಮನೆಗೆಂದು ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸೋಪು, ಚಾಪೆಗಳನ್ನು ಕಳುಹಿಸುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಕಾಗದ! ಓಲೆಗರಿಯ ನಾಡಿನಲ್ಲಿ ಕಾಗದವೆಲ್ಲಿ? ಬಂದ ಪತ್ರದ ಖಾಲಿ ಜಾಗದಲ್ಲೇ ಈತ ಲೆಕ್ಕಪತ್ರ ಗೀಚಿಕೊಳ್ಳುತ್ತಿದ್ದ. ನನ್ನ ಹುರಿಹಿಟ್ಟಿನ ಡಬ್ಬಿಗೆ ಇಷ್ಟು ಹಳೆಯ ನಂಟಸ್ತಿಕೆಯಿದೆಯೆಂದು ನಾನು ಎಣಿಸಿರಲಿಲ್ಲ.

ಆದರೆ ತವರಿನ ಸಕ್ಕರೆಯಿಂದ ನಾಲಗೆ ತಣಿದೀತು, ಬಾಳು ನಡೆಯದು. ಏಲಕ್ಕಿಗೆಂದು ಮುಂಗಡ ಕೊಟ್ಟು ಸರಕು ಬಾರದೆ ಈತ ಪೇಚಾಡಿದ್ದೂ ಉಂಟು. ಪರನಾಡಿನಲ್ಲಿ ಯಾರನ್ನು ನಂಬಬೇಕು? ಈತ ನಂಬಿದವನು ಬೊಮ್ಮ. ಹೀಬ್ರೂ ಲಿಪಿಯಲ್ಲಿ ಸ್ವರಗಳಿಲ್ಲದೆ ಬರೆದ ಮೂರೇ ಅಕ್ಷರಗಳ ಹೆಸರದು. ಅದನ್ನು ಘೋಷರು ಬೊಮ್ಮ ಎಂದು ಓದಿದರು. ಕಿನ್ನರಿ ಬೊಮ್ಮಯ್ಯನಿದ್ದ ಹನ್ನೆರಡನೆಯ ಶತಮಾನಕ್ಕೆ ಒಪ್ಪುವ ಹೆಸರೇ ಸರಿ. ಅವನನ್ನು ಗುಲಾಮನೆಂದು ಪತ್ರಗಳು ಕರೆದರೂ ಅವನು ಮಾಡುತ್ತಿದ್ದುದು ಒಡೆಯನ ಪರವಾದ ವ್ಯಾಪಾರ. ಏಡನ್ನಿಗೆ ಹೋಗಿ ಅಲ್ಲಿ ಕುಡಿದು, ಹಣಕ್ಕಾಗಿ ಮದ್ಮೂನನನ್ನು ಪೀಡಿಸಿದ ದೂರೂ ದಾಖಲಾಗಿದೆ. ಆದರೂ ೧೧೪೮ರಲ್ಲಿ ಖಲಫ್ ಬರೆದ ಪತ್ರದಲ್ಲಿ ಅವನಿಗೆಂದೇ ತುಂಬು ವಂದನೆಯಿದೆ.

ಇನ್ನೊಬ್ಬಳು ಆಶು. ೧೧೩೨ರ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿ ಬೆನ್ ಯಿಜು ಅವಳನ್ನು ದಾಸ್ಯದಿಂದ ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಅದರಲ್ಲಿ ಅವಳಿಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೀಬ್ರೂ ಹೆಸರಿದೆ. ಅವನ ಮಕ್ಕಳ ತಾಯಿ ಇವಳೇ ಎಂಬುದು ವಿದ್ವಾಂಸರ ಊಹೆ. ಆದರೆ ಮಕ್ಕಳಿಗೆ ಕ್ಷೇಮ ಕೋರುವ ಏಡನ್ನಿನ ಗೆಳೆಯರು ಅವಳ ಮಾತನ್ನೇ ಎತ್ತುವುದಿಲ್ಲ.

ಹದಿನೇಳು ವರ್ಷಗಳ ತರುವಾಯ, ೧೧೪೯ರಲ್ಲಿ, ಬೆನ್ ಯಿಜು ಏಡನ್ನಿಗೆ ಮರಳಿದ. ಆ ವೇಳೆಗೆ ಸಿಸಿಲಿಯ ನಾರ್ಮನ್ನರು ಮಹ್ದಿಯವನ್ನು ಹಿಡಿದು, ಅವನ ಒಡಹುಟ್ಟಿದವರು ಊರು ಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಅವನು ಅಣ್ಣತಮ್ಮಂದಿರಿಗೆ ಬರೆದ ಕಾಗದದಲ್ಲಿ, ತಾನು ಆಸ್ತಿಯೊಡನೆ, ಮಕ್ಕಳೊಡನೆ ಸುಖವಾಗಿ ತಲಪಿದೆನೆಂದಿದೆ. ಆಶುವಿನ ಹೆಸರಿಲ್ಲ.

ನಾನು ಓಲೆಗರಿಯ ಗ್ರಂಥಗಳನ್ನು ಪಾಠ ಹೇಳುವವನು. ಕರಾವಳಿಯ ಹವೆಯಲ್ಲಿ ಗರಿಗಳು ಎಷ್ಟು ಬೇಗ ಹುಳು ಹಿಡಿಯುತ್ತವೆಂಬುದನ್ನು ಬಲ್ಲೆ. ಈಜಿಪ್ಟಿನ ಒಣಹವೆ ಪರದೇಶಿಯ ಕಾಗದಗಳನ್ನು ಕಾಪಾಡಿತು; ಅವನಿಗೆ ದಿಕ್ಕಾದವರ ಮಾತು ಅವರ ನೆಲದಲ್ಲೇ ಮಣ್ಣಾಯಿತು. ಇದನ್ನೋದಿದ ರಾತ್ರಿ ನಾನು ನನ್ನ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ತಾಯಿಯ ಪತ್ರಗಳಲ್ಲಿ ಡಬ್ಬಿ ಕಳುಹಿಸಿದ ತಾರೀಖುಗಳೆಲ್ಲ ಇವೆ. ಆ ಮೊದಲ ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದ್ದಾಗ ಹೊತ್ತುಹೊತ್ತಿಗೆ ಗಂಜಿ ಕಾಯಿಸಿ ಕೊಟ್ಟು, ತುಳುವಿನ ಮೊದಲ ನಾಲ್ಕು ಮಾತುಗಳನ್ನು ಕಲಿಸಿದ ಮನೆಯೊಡತಿಯ ಹೆಸರು ಮಾತ್ರ ಒಂದರಲ್ಲಿಯೂ ಇಲ್ಲ.