ಓಡುವವನ ಓದು: ರೀಡ್ ಆಪ್ಷನ್ ಆಟದ ಚರಿತ್ರೆ ಮತ್ತು ತಾಳವಾಡಿಯ ಕಬಡ್ಡಿ ಅಂಕಣ

ನಾನು ತಾಳವಾಡಿಯ ನಮ್ಮನೆಯಿಂದಲೇ ಮಾತಾಡ್ತಾ ಇದೀನಿ. ಮಧ್ಯೆ ಧ್ವನಿ ಕಡಿದರೆ ಒಂದು ನಿಮಿಷ ಕಾಯಿರಿ, ಮಾಳಿಗೆ ಹತ್ತಿದ್ರೆ ಸಿಗ್ನಲ್ ಬರುತ್ತೆ.

ಕನ್ನಡ ವಿಭಾಗದ ಸೆಮಿನಾರಿನಲ್ಲಿ ಅಮೆರಿಕದ ಫುಟ್‌ಬಾಲ್ ಯಾಕೆ ಅಂತ ಗೆಳೆಯರು ಆಗಲೇ ಕೇಳಿದ್ದಾರೆ. ಕಾರಣ ಒಂದು ಅಕ್ಷರ. ಓಡು, ಓದು. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಡಕಾರ ದಕಾರದಷ್ಟೇ ಅಂತರ. ಆದರೆ ಶಾಲೆಯಲ್ಲಿ ಆ ಅಂತರವನ್ನು ಗೋಡೆಯಷ್ಟು ಎತ್ತರಕ್ಕೆ ಕಟ್ಟಿಬಿಡ್ತೀವಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಜೊತೆ ಬೆಟ್ಟದ ಮೇಲಿನ ಒಂದು ಹಾಡಿಯಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ. ಕಬಡ್ಡಿಯಲ್ಲಿ ಅವನ ರೇಡ್ ನೋಡೋಕೆ ಹೈಸ್ಕೂಲ್ ಹುಡುಗರೂ ಬಂದು ನಿಲ್ಲುತ್ತಿದ್ದರು. ಅವನ ಬಗ್ಗೆ ಒಬ್ಬ ಮೇಷ್ಟ್ರು ಹೇಳಿದ ಮಾತು ನನಗಿನ್ನೂ ನೆನಪಿದೆ: "ಇವ್ನು ಓಡಾಕೆ ಸೈ ಕಣ್ರಪ್ಪ, ಓದಾಕಲ್ಲ." ನಾವೆಲ್ಲ ನಕ್ಕೆವು. ಅವನೂ ನಕ್ಕ.

ಅದೇ ವಾಕ್ಯವನ್ನು ಬೇರೆ ಭಾಷೆಯಲ್ಲಿ, ಬೇರೆ ಖಂಡದಲ್ಲಿ, ಹಲವು ದಶಕ ಹೇಳಿಕೊಂಡು ಬಂದಿದ್ದಾರೆ ಅನ್ನೋದು ಅಮೆರಿಕನ್ ಫುಟ್‌ಬಾಲಿನ ಚರಿತ್ರೆ ಓದಿದಾಗ ಗೊತ್ತಾಯಿತು. ಆ ಮಾತನ್ನು ಆಟವೇ ಹೇಗೆ ಸುಳ್ಳು ಮಾಡಿತು ಅನ್ನೋದು ಈ ಪ್ರಬಂಧದ ವಿಷಯ.

1. ಹನ್ನೊಂದರ ಲೆಕ್ಕ

ಈ ಆಟ ನೋಡದವರಿಗೆ ಎರಡು ಮಾತು. ಒಂದೊಂದು ತಂಡದಲ್ಲಿ 11 ಜನ. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಅನ್ನುವವನ ಕೈಗೆ ಬರುತ್ತೆ. ಅವನು ಅದನ್ನು ಮುಂದಕ್ಕೆ ಎಸೆಯಬಹುದು, ಪಕ್ಕದ ಓಟಗಾರನಿಗೆ ಕೊಡಬಹುದು, ಅಥವಾ ತಾನೇ ಹಿಡಿದು ಓಡಬಹುದು. ಉಳಿದವರು ಎದುರಾಳಿಗಳನ್ನು ಒಬ್ಬೊಬ್ಬರಾಗಿ ತಡೆದು ದಾರಿ ಬಿಡಿಸಬೇಕು.

ಇಲ್ಲೊಂದು ಲೆಕ್ಕದ ತೊಡಕು ಇದೆ. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟು ಸುಮ್ಮನೆ ನಿಂತರೆ ದಾಳಿಯ ಕಡೆ ಕೆಲಸಕ್ಕೆ ಉಳಿಯೋದು ಹತ್ತೇ ಜನ. ಅದರಲ್ಲಿ ಒಬ್ಬ ಚೆಂಡು ಹಿಡಿದವನು, ಅಂದರೆ ತಡೆಯುವವರು ಒಂಬತ್ತು. ಎದುರಿಗೆ ಹನ್ನೊಂದು. ರಕ್ಷಣೆಗೆ ಯಾವಾಗಲೂ ಕೈ ಹೆಚ್ಚು.

ರೀಡ್ ಆಪ್ಷನ್ ಈ ಲೆಕ್ಕವನ್ನು ತಿರುವಿ ಹಾಕುತ್ತೆ. ಎದುರಾಳಿಗಳಲ್ಲಿ ಒಬ್ಬನನ್ನು, ಸಾಮಾನ್ಯವಾಗಿ ಸಾಲಿನ ತುದಿಯಲ್ಲಿರುವವನನ್ನು, ಬೇಕೆಂದೇ ತಡೆಯದೆ ಬಿಡ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದಿರುತ್ತಾನೆ, ಆದರೆ ಕಣ್ಣು ಮಾತ್ರ ಆ ಬಿಟ್ಟವನ ಮೇಲೆ. ಅವನು ಓಟಗಾರನ ಮೇಲೆ ನುಗ್ಗಿದರೆ ಚೆಂಡನ್ನು ಹಿಂದಕ್ಕೆಳೆದುಕೊಂಡು ಅವನು ಬಿಟ್ಟುಬಂದ ಜಾಗಕ್ಕೆ ತಾನೇ ಓಡುತ್ತಾನೆ. ಅವನು ಅಲ್ಲೇ ನಿಂತರೆ ಚೆಂಡು ಓಟಗಾರನಿಗೆ. ಆ ಎದುರಾಳಿ ಏನು ಮಾಡಿದರೂ ತಪ್ಪೇ. ಯಾರೂ ಮುಟ್ಟದೆ ಒಬ್ಬನನ್ನು ಆಟದಿಂದ ಹೊರಗಿಟ್ಟ ಹಾಗಾಯಿತು.

ನಮ್ಮ ಕಡೆ ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಾಗೆ. ಯಾವ ಕಡೆ ತೂರಬೇಕು ಅನ್ನೋದನ್ನ ಗಾಳಿ ಹೇಳುತ್ತೆ. ಗಾಳಿ ಯಾವ ಕಡೆಯಿಂದ ಬಂತು ಅಂತ ಗೊತ್ತುಮಾಡಿಕೊಳ್ಳಬೇಕಾದವನು ತೂರುವವನು. ಇದಕ್ಕೆ ಅರ್ಧ ಸೆಕೆಂಡೂ ಸಮಯ ಇರಲ್ಲ.

2. ಯಾರ ಉಪಾಯ?

ಒಬ್ಬನನ್ನು ತಡೆಯದೆ ಬಿಡುವ ಉಪಾಯಕ್ಕೆ ಉದ್ದದ ವಂಶಾವಳಿ ಇದೆ. 1941ರಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದ ಕೋಚ್ ಡಾನ್ ಫೌರಾಟ್ 'ಸ್ಪ್ಲಿಟ್ ಟಿ' ಅನ್ನುವ ರಚನೆ ತಂದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಬ್ಬರು ಸೇರಿ ಒಬ್ಬ ರಕ್ಷಕನ ಮೇಲೆ ಹೋಗುವಾಗ ಆ ಒಬ್ಬನ ನಡೆ ನೋಡಿ ಚೆಂಡು ಕೊಡೋದೋ ಇಟ್ಟುಕೊಳ್ಳೋದೋ ಅಂತ ತೀರ್ಮಾನಿಸ್ತಾರೆ. ಅದನ್ನೇ ಅವರು ಫುಟ್‌ಬಾಲಿಗೆ ತಂದದ್ದು. 1960ರ ದಶಕದಲ್ಲಿ ಹ್ಯೂಸ್ಟನ್‌ನ ಬಿಲ್ ಯೋಮನ್ 'ವೀರ್' ರಚನೆ ಬೆಳೆಸಿದರು. 1968ರಲ್ಲಿ ಟೆಕ್ಸಸ್‌ನಲ್ಲಿ ಸಹಾಯಕ ಕೋಚ್ ಎಮರಿ ಬೆಲ್ಲಾರ್ಡ್ 'ವಿಶ್‌ಬೋನ್' ಕಟ್ಟಿದರು. ಆ ತಂಡ ಸತತ 30 ಪಂದ್ಯ ಗೆದ್ದಿತು.

ಇವತ್ತು ನಾವು ನೋಡುವ ರೂಪ ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಅನ್ನುವ ಸಣ್ಣ ಕಾಲೇಜಿನಲ್ಲಿ. ಅಲ್ಲಿನ ಕೋಚ್ ರಿಚ್ ರಾಡ್ರಿಗಸ್ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ. ಕ್ವಾರ್ಟರ್‌ಬ್ಯಾಕ್ ಜೆಡ್ ಡ್ರೆನಿಂಗ್‌ಗೆ ಚೆಂಡು ಸರಿಯಾಗಿ ಸಿಗದೆ ಓಟಗಾರನಿಗೆ ಕೊಡೋದು ತಪ್ಪಿತು. ತುದಿಯಲ್ಲಿದ್ದ ಎದುರಾಳಿ ಓಟಗಾರನ ಕಡೆಗೆ ನುಗ್ಗಿದ್ದನ್ನು ನೋಡಿ ಡ್ರೆನಿಂಗ್ ಆ ಜಾಗದಿಂದ ಓಡಿದ. ಯಾಕೆ ಹಾಗೆ ಮಾಡಿದೆ ಅಂತ ಕೋಚ್ ಕೇಳಿದರು. ಅವನು ಒಳಗೆ ನುಗ್ಗಿದ್ದನ್ನು ಕಂಡೆ, ಅದಕ್ಕೇ ಅಂದ. ಆ ಉತ್ತರವೇ ಮುಂದೆ ಒಂದು ಪದ್ಧತಿಯಾಯಿತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಕೃತಿಯ ಕರ್ತೃ ಯಾರು? ಚರಿತ್ರೆಯ ಪುಸ್ತಕದಲ್ಲಿ ರಾಡ್ರಿಗಸ್ ಹೆಸರಿದೆ. ಕೇಳುವ ಬುದ್ಧಿ ಅವರಿಗಿತ್ತು, ಅದು ದೊಡ್ಡದೇ. ಆದರೆ ಮೊದಲ ಓದು ನಡೆದದ್ದು ಮೈದಾನದಲ್ಲಿ, ಓಡುತ್ತಿದ್ದವನ ಕಣ್ಣಲ್ಲಿ. ಜನಪದ ಗೀತೆಯ ಸಂಪುಟದ ಮೇಲೆ ಸಂಗ್ರಾಹಕನ ಹೆಸರು ದಪ್ಪಕ್ಷರದಲ್ಲಿ, ಹಾಡಿದ ಅಜ್ಜಿಯ ಹೆಸರು ಒಳಪುಟದಲ್ಲಿ ಇರುವುದನ್ನು ನಾವು ಕಂಡಿದ್ದೇವಲ್ಲ, ಇದೂ ಅದೇ ಜಾತಿಯ ಪ್ರಶ್ನೆ.

3. ಓದುವ ಜಾಗ ಯಾರದು?

ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಅಮೆರಿಕದಲ್ಲಿ ಬುದ್ಧಿಯ ಸ್ಥಾನ ಅಂತ ಕರೆಯುತ್ತಾ ಬಂದರು. ಎದುರಾಳಿಯ ರಚನೆ ಓದಬೇಕು, ಸಾಲಿನಲ್ಲೇ ಆಜ್ಞೆ ಬದಲಾಯಿಸಬೇಕು. ಕಪ್ಪು ಜನಾಂಗದ ಹುಡುಗರಿಗೆ ಓಡುವ ಶಕ್ತಿ ಉಂಟು, ಓದುವ ಶಕ್ತಿ ಇಲ್ಲ ಅನ್ನುವ ಪೂರ್ವಗ್ರಹ ಅದರ ಹಿಂದೆಯೇ ಇತ್ತು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರನ್ನು ವೃತ್ತಿಪರ ತಂಡಗಳು ಬೇರೆ ಸ್ಥಾನಕ್ಕೆ ಎತ್ತಿ ಹಾಕುತ್ತಿದ್ದವು.

ಮಾರ್ಲಿನ್ ಬ್ರಿಸ್ಕೊ 1968ರಲ್ಲಿ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ 14 ಟಚ್‌ಡೌನ್ ಪಾಸ್ ಕೊಟ್ಟರು. ಮರುವರ್ಷ ಆ ಸ್ಥಾನಕ್ಕೆ ಅವರಿಗೆ ಅವಕಾಶವೇ ಸಿಗಲಿಲ್ಲ. ಬಫಲೋ ತಂಡಕ್ಕೆ ಹೋಗಿ ಚೆಂಡು ಹಿಡಿಯುವ ರಿಸೀವರ್ ಆದರು. ವಾರನ್ ಮೂನ್ 1978ರ ಆರಂಭದಲ್ಲಿ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರ. ಆ ವರ್ಷದ ಆಯ್ಕೆಯಲ್ಲಿ ಎನ್‌ಎಫ್‌ಎಲ್‌ನ ಒಂದು ತಂಡವೂ ಅವರ ಹೆಸರು ಕರೆಯಲಿಲ್ಲ. ಕೆನಡಾಕ್ಕೆ ಹೋದರು, ಎಡ್ಮಂಟನ್ ತಂಡದ ಜೊತೆ 1978ರಿಂದ 1982ರವರೆಗೆ ಸತತ ಐದು ಗ್ರೇ ಕಪ್ ಗೆದ್ದರು. ಎನ್‌ಎಫ್‌ಎಲ್‌ಗೆ ಬಂದದ್ದು 1984ರಲ್ಲಿ.

ಈ ಹಿನ್ನೆಲೆಯಲ್ಲಿ ರೀಡ್ ಆಪ್ಷನ್ ನೋಡಿ. ಇದರಲ್ಲಿ ಓಡುವವನೇ ಓದಬೇಕು. 2006ರ ಜನವರಿ 4ರಂದು ರೋಸ್ ಬೌಲ್‌ನಲ್ಲಿ ಟೆಕ್ಸಸ್‌ನ ವಿನ್ಸ್ ಯಂಗ್ 200 ಗಜ ಓಡಿದರು, 267 ಗಜ ಎಸೆದರು. 19 ಸೆಕೆಂಡ್ ಬಾಕಿ ಇದ್ದಾಗ ತಾವೇ ಓಡಿ ತಂಡವನ್ನು 41–38ರಿಂದ ಗೆಲ್ಲಿಸಿದರು. 2013ರ ಜನವರಿ 12ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಾಲಿನ್ ಕ್ಯಾಪರ್ನಿಕ್ ಗ್ರೀನ್ ಬೇ ವಿರುದ್ಧ 181 ಗಜ ಓಡಿ ಕ್ವಾರ್ಟರ್‌ಬ್ಯಾಕ್‌ಗಳ ದಾಖಲೆ ಬರೆದರು.

ಇಷ್ಟಾದ ಮೇಲೂ ಹಳೇ ಮಾತು ಸಾಯಲಿಲ್ಲ. 2018ರಲ್ಲಿ ಲಮಾರ್ ಜಾಕ್ಸನ್ ವೃತ್ತಿಪರ ಆಟಕ್ಕೆ ಬರುವಾಗ ಬಿಲ್ ಪೋಲಿಯನ್ ಅಂಥ ಅನುಭವಿ ವ್ಯವಸ್ಥಾಪಕರೇ ಇವನು ರಿಸೀವರ್ ಆಗುವುದು ಒಳ್ಳೇದು ಅಂದರು. ಆಯ್ಕೆಯ ಮೊದಲ ಸುತ್ತಿನ ಕೊನೆಯ ಹೆಸರಾಗಿ, 32ನೆಯವರಾಗಿ, ಬಾಲ್ಟಿಮೋರ್ ತಂಡ ಅವರನ್ನು ತೆಗೆದುಕೊಂಡಿತು. ತಂಡ ಅವರನ್ನು ಬದಲಿಸಲಿಲ್ಲ, ಅವರಿಗೆ ತಕ್ಕಂತೆ ಆಟವನ್ನೇ ಬದಲಿಸಿತು. 2019ರಲ್ಲಿ ಜಾಕ್ಸನ್ 1,206 ಗಜ ಓಡಿ ಮೈಕೆಲ್ ವಿಕ್ ಅವರ 1,039 ಗಜದ ದಾಖಲೆ ಮುರಿದರು. ಅದೇ ವರ್ಷ ಲೀಗಿನಲ್ಲೇ ಅತಿ ಹೆಚ್ಚು, 36 ಟಚ್‌ಡೌನ್ ಪಾಸ್ ಕೊಟ್ಟರು. ಎಲ್ಲ ಮತಗಳೂ ಬಿದ್ದು ವರ್ಷದ ಅತ್ಯಮೂಲ್ಯ ಆಟಗಾರರಾದರು. ತಮ್ಮ ಮಾತು ತಪ್ಪಾಯಿತು ಅಂತ ಪೋಲಿಯನ್ ಒಪ್ಪಿಕೊಂಡರು.

4. ನಮ್ಮ ಅಂಕಣ

ಈಗ ಬೆಟ್ಟ ಹತ್ತಿ ನಮ್ಮೂರಿಗೆ ಬರೋಣ. 1956ರ ರಾಜ್ಯ ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಈರೋಡ್ ಕಡೆಗೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು. ಚಾಮರಾಜನಗರಕ್ಕೆ ಸಮತಟ್ಟು ದಾರಿ. ಮನೆಮಾತು ಕನ್ನಡ, ಬಸ್ಸಿನ ಬೋರ್ಡು ತಮಿಳು. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಕನ್ನಡ ಮಾಧ್ಯಮದ ಮಕ್ಕಳ ಪಾಲಿಗೆ ತಮಿಳು ಪಾಠವೂ ಬಂತು. ಎರಡು ಲಿಪಿಯ ನಡುವೆ ತಡವರಿಸುವ ಮಗುವನ್ನು, ಅದೂ ಸೋಲಿಗರ, ಊರಾಳಿಗಳ ಹಾಡಿಯಿಂದ ಬಂದ ಮಗುವನ್ನು, ಓದು ಬಾರದ್ದು ಅಂತ ಬದಿಗೆ ಸರಿಸೋದು ಬಹಳ ಸುಲಭ.

ಅಂಥವನೊಬ್ಬ ಅಂಕಣದಲ್ಲಿ ಏನು ಮಾಡುತ್ತಿದ್ದ? ಕಬಡ್ಡಿಯಲ್ಲಿ ನಡುಗೆರೆಯಿಂದ ಬೋನಸ್ ಗೆರೆಗೆ 4.75 ಮೀಟರ್. ರೇಡ್‌ಗೆ ಇರೋದು 30 ಸೆಕೆಂಡ್. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತೆ: ಒಂದು ಕಾಲು ಆ ಗೆರೆ ದಾಟಿ ನೆಲ ಮುಟ್ಟಬೇಕು, ಇನ್ನೊಂದು ಗಾಳಿಯಲ್ಲಿರಬೇಕು. ಅವನು ಏಳು ಜನರನ್ನೂ ನೋಡುತ್ತಿರಲಿಲ್ಲ. ಮೂಲೆಯಲ್ಲಿದ್ದ ಕಾರ್ನರ್ ಆಟಗಾರನೊಬ್ಬನ ಮೇಲೆ ಮಾತ್ರ ಕಣ್ಣು. ಆ ಕಾರ್ನರ್ ಹಿಂದೆ ಸರಿದು ನಿಂತರೆ ಬೋನಸ್. ಕಾಲಿಗೆ ಕೈ ಹಾಕಲು ಮುಂದೆ ಬಂದರೆ ಅವನ ಬೆನ್ನು ತಟ್ಟಿ ವಾಪಸ್, ಅದೂ ಒಂದು ಅಂಕ. ತಾನು ಮೊದಲೇ ಏನನ್ನೂ ತೀರ್ಮಾನಿಸುತ್ತಿರಲಿಲ್ಲ.

ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಡಲು ಪಕ್ಕದಲ್ಲಿ ಒಬ್ಬನಿರುತ್ತಾನೆ, ರೇಡರ್ ಒಂಟಿ. ಆದರೆ ಒಬ್ಬ ಎದುರಾಳಿಯ ನಡೆಯನ್ನೇ ತನ್ನ ಮುಂದಿನ ಹೆಜ್ಜೆ ಮಾಡಿಕೊಳ್ಳುವ ವ್ಯಾಕರಣ ಎರಡಕ್ಕೂ ಒಂದೇ.

ಎದುರಾಳಿಯೂ ಸುಮ್ಮನೆ ಓದಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ 'ಸ್ಕ್ರೇಪ್ ಎಕ್ಸ್‌ಚೇಂಜ್' ಅಂತಾರೆ. ತುದಿಯವನು ಬೇಕೆಂದೇ ಒಳಗೆ ನುಗ್ಗುತ್ತಾನೆ, ಕ್ವಾರ್ಟರ್‌ಬ್ಯಾಕ್ ಖಾಲಿ ಜಾಗ ಸಿಕ್ಕಿತು ಅಂತ ಓಡಿದರೆ ಹಿಂದಿನಿಂದ ಸುತ್ತಿ ಬಂದ ಇನ್ನೊಬ್ಬ ಅಲ್ಲಿ ಕಾದಿರುತ್ತಾನೆ. ನಮ್ಮ ಕಾರ್ನರ್‌ಗಳೂ ಅಷ್ಟೇ: ಸುಸ್ತಾದವನ ಹಾಗೆ ಹಿಂದೆ ನಿಂತು, ಬೋನಸ್‌ಗೆ ಕಾಲು ಚಾಚಿದ ತಕ್ಷಣ ಹಿಮ್ಮಡಿ ಹಿಡೀತಾರೆ. ಒಳ್ಳೇ ಓದುಗ ಅನ್ನಿಸಿಕೊಳ್ಳೋದು ಮೋಸಹೋದ ಮೇಲೆ, ಎರಡನೇ ರೇಡ್‌ನಲ್ಲಿ. ಮೊದಲ ಸಲ ಹಿಡಿಸಿಕೊಂಡ ಆ ಹುಡುಗ ಮತ್ತೆ ಅದೇ ಮೂಲೆಗೆ ಹೋಗಿ, ಕಾಲು ಚಾಚಿದ ಹಾಗೆ ಮಾಡಿ, ಎಳೆದುಕೊಂಡು, ಕಾರ್ನರ್‌ನ ತಲೆ ಮುಟ್ಟಿ ಬಂದದ್ದನ್ನು ನಾನು ಕಂಡಿದ್ದೇನೆ. ಅದನ್ನು ನಾವು 'ಎಂಥಾ ಓಟ!' ಅಂತ ಹೊಗಳಿದೆವು. ಹೊಗಳಿಕೆಯಲ್ಲೂ ತಪ್ಪು ಓದಿದ್ದೆವು.

5. ಚರ್ಚೆಯಿಂದ

ಮಂಡನೆಯ ನಂತರ ವಿಭಾಗದ ಮೇಡಂ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಿದ್ದೇನೆ. "ಆಟದ ಓದನ್ನು ಪುಸ್ತಕದ ಓದಿಗೆ ಸಮ ಅಂತೀಯಾ? ಆ ಹುಡುಗನಿಗೆ ಅದರಿಂದ ಪರೀಕ್ಷೆ ಪಾಸಾಗೋಕಾಯ್ತಾ?"

ಆಗಲಿಲ್ಲ ಮೇಡಂ. ಅವನು ಒಂಬತ್ತಕ್ಕೇ ಬಿಟ್ಟ. ಅವನ ಮೈಯಲ್ಲೇ ಬುದ್ಧಿ ಇದೆ ಅಂತ ನಾನು ಇಲ್ಲಿ ಚಂದವಾಗಿ ಹೇಳಿ ಮುಗಿಸಿದರೆ ಅದೂ ಅವನನ್ನು ಪುಸ್ತಕದಿಂದ ದೂರ ಇಡುವ ಇನ್ನೊಂದು ದಾರಿಯೇ. ಹಾಗಾಗಿ ಸಮ ಅನ್ನೋ ಮಾತು ಬೇಡ. ನಾನು ಕೇಳೋದು ಜಾಗದ ಪ್ರಶ್ನೆ. ಬ್ರಿಸ್ಕೊ ಅವರಿಗೆ ಆದ ಅನ್ಯಾಯ ಅವರನ್ನು ಯಾರೂ ಹೊಗಳಲಿಲ್ಲ ಅನ್ನೋದಲ್ಲ. ಓಟವನ್ನು ಹೊಗಳುತ್ತಲೇ ಓದುವ ಜಾಗದಿಂದ ಎಬ್ಬಿಸಿದರು. ಜಾಕ್ಸನ್ ಅವರಿಗೆ ಸಿಕ್ಕ ನ್ಯಾಯ ಅಂದರೆ ಅವರನ್ನು ಆ ಜಾಗದಲ್ಲೇ ಇರಲು ಬಿಟ್ಟದ್ದು. ನಮ್ಮ ಕ್ಲಾಸಿನಲ್ಲಿ, ಆ ಮಾತು ಹೇಳಿದ ದಿನವೇ, ಹುಡುಗನನ್ನು ಎರಡನೇ ಬೆಂಚಿನಿಂದ ಕೊನೇ ಬೆಂಚಿಗೆ ಕಳಿಸಿದರು. ಖಾಲಿಯಾದ ಆ ಜಾಗದಲ್ಲಿ ಕೂತವನು ನಾನು. ಇವತ್ತು ನಿಮ್ಮ ಮುಂದೆ ಓದುತ್ತಿರುವವನೂ ನಾನೇ.